ಸೋಮವಾರ ಮಾತ್ರ ಸರಿಯಿರುತ್ತಿದ್ದ ವಿಂಡೋ

ಮಾನಿಟರಿನ ಕೆಳಗಿನ ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ ಎಳೆದ ಎರಡು ಸಣ್ಣ ಗೀಟುಗಳಿದ್ದವು. ಪ್ರೂಫ್ ತಿದ್ದುವ ಪೆನ್ನಿನವೇ. ಒಂದಕ್ಕೂ ಇನ್ನೊಂದಕ್ಕೂ ಮೂರು ಬೆರಳಿನ ಅಂತರ.

"ಇದೇನು ಸರ್?" ಎಂದು ಕೇಳಿದೆ.

"ನಿನ್ನ ಪ್ರೋಗ್ರಾಮಿನ ಎಲ್ಲೆಕಲ್ಲು. ದಿನಾ ಬೆಳಗ್ಗೆ ಬಂದು ಅದರ ಅಂಚನ್ನು ಇಲ್ಲಿಗೆ ಎಳೆದು ತರಬೇಕಲ್ಲಪ್ಪಾ, ಅಂದಾಜಿಗೆ ಇರಲಿ ಎಂದು ಹಾಕಿಕೊಂಡೆ" ಎಂದರು ಮೇಷ್ಟರು.

ದೂರು ಹೇಳುವ ದನಿಯಲ್ಲಿ ಅವರು ಇದನ್ನು ಹೇಳಲಿಲ್ಲ. ಬೆಳಗ್ಗೆ ಬಂದು ಕುರ್ಚಿಯ ಧೂಳು ಕೊಡವುವುದು, ಕನ್ನಡಕ ಒರೆಸುವುದು, ವಿಂಡೋ ಎಳೆಯುವುದು ಎಲ್ಲವೂ ಒಂದೇ ಸಾಲಿನ ಕೆಲಸ ಅವರಿಗೆ. ನಾನು ಅಂದು ಹೋಗಿದ್ದು ಬೇರೆ ಏನೋ ಸರಿಪಡಿಸಲು. ಆ ಗೀಟುಗಳನ್ನು ನೋಡದೇ ಹೋಗಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಎರಡು ಗೀಟು ಏಕೆ ಎಂದು ಮಾತ್ರ ಕೇಳಲಿಲ್ಲ. ಒಂದು ಮೊದಲು ತಪ್ಪಿ ಹಾಕಿದ್ದಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಸ್ಥಳ: ಮೈಸೂರಿನ ಒಂದು ಸಣ್ಣ ಮುದ್ರಣಾಲಯ. ಕಾಲ: 2023ರ ನವೆಂಬರ್. ಮೇಷ್ಟರು ನಿವೃತ್ತ ಕನ್ನಡ ಅಧ್ಯಾಪಕರು, ಅಲ್ಲಿ ಕರಡು ತಿದ್ದುತ್ತಾರೆ. ತಿದ್ದಬೇಕಾದ ಪಠ್ಯವನ್ನು ಅವರಿಗೆ ತೋರಿಸುವ ಪ್ರೋಗ್ರಾಮು ನಾನು ಬರೆದದ್ದು. ಆದ್ದರಿಂದ ಮುಂದೆ ಬರುವ ತಪ್ಪುಗಳೆಲ್ಲ ನನ್ನ ಖಾತೆಯವು.

ಅಳತೆ ಏಕೆ ಮುಖ್ಯ

ವಿಂಡೋದ ಅಳತೆ ಕೆಟ್ಟರೆ ಅಂಥದ್ದೇನಾಯಿತು, ಮತ್ತೊಮ್ಮೆ ಎಳೆದುಕೊಂಡರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಮೇಷ್ಟರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಹಾಗನ್ನಿಸಲಿಲ್ಲ.

ಅಲ್ಲಿ ನಡೆಯುತ್ತಿದ್ದದ್ದು ಹಳೆಯ ಪುಸ್ತಕಗಳ ಮರುಮುದ್ರಣ. ಮೂಲ ಪಠ್ಯ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾಗಿರುತ್ತದೆ. ಆ ಕ್ರಮದಲ್ಲಿ ಅಕ್ಷರ ಕೂರುವುದು ಕಣ್ಣಿಗೆ ಕಾಣುವ ತುಂಡುಗಳಾಗಿ. ಅರ್ಕಾವತ್ತನ್ನು ಕಾಗದದ ಮೇಲೆ ಕಾಣುವಂತೆಯೇ ವ್ಯಂಜನದ ನಂತರ ಒತ್ತಲಾಗಿರುತ್ತದೆ. ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ: ಮೊದಲು ರಕಾರ, ಆಮೇಲೆ ವ್ಯಂಜನ. ಪರಿವರ್ತಿಸುವಾಗ ಅರ್ಕಾವತ್ತನ್ನು ಹಿಂದಕ್ಕೆ ಎತ್ತಿ ಇಡಬೇಕು. ನಡುವೆ ಒತ್ತಕ್ಷರವೋ ದೀರ್ಘವೋ ಅಡ್ಡ ಬಂದರೆ ಅದು ಎಲ್ಲಿಯೋ ಬಿದ್ದು ಹೋಗುತ್ತದೆ. ಇದರ ಮೇಲೆ ಕೆಲವು ಟೈಪಿಸ್ಟರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನೇ ಒತ್ತಿ 'ಸೂಯ೯' ಎಂದು ಬರೆದಿಟ್ಟಿರುತ್ತಾರೆ. ಕಾಗದದಲ್ಲಿ ಮಾನ ಉಳಿಯುತ್ತದೆ. ಹುಡುಕಲು ಹೋದರೆ ಸೂರ್ಯ ಸಿಗುವುದಿಲ್ಲ.

ಇಂಥವನ್ನು ಹಿಡಿಯಲು ಯಂತ್ರಕ್ಕಿಂತ ಕಣ್ಣು ವಾಸಿ. ಪರದೆಯ ಎಡಭಾಗದಲ್ಲಿ ಹಳೆಯ ಮುದ್ರಣದ ಪುಟದ ಚಿತ್ರ, ಬಲಭಾಗದಲ್ಲಿ ನನ್ನ ಪ್ರೋಗ್ರಾಮು, ಅದರಲ್ಲಿ ಯೂನಿಕೋಡಿಗೆ ಬಂದ ಪಠ್ಯ. ಮೇಷ್ಟರು ಕಂಡುಕೊಂಡಿದ್ದ ಉಪಾಯವೇನೆಂದರೆ, ಬಲಗಡೆಯ ವಿಂಡೋದ ಅಗಲವನ್ನು ಹದವಾಗಿ ಹೊಂದಿಸಿದರೆ ಅಲ್ಲಿನ ಸಾಲುಗಳು ಹೆಚ್ಚುಕಡಿಮೆ ಮುದ್ರಿತ ಪುಟದ ಸಾಲುಗಳು ಮುರಿಯುವಲ್ಲಿಯೇ ಮುರಿಯುತ್ತವೆ. ಆಗ ಎಡಗಡೆ ಏಳನೆಯ ಸಾಲು ಓದಿ ಕಣ್ಣು ಅಡ್ಡಕ್ಕೆ ಹಾಯಿಸಿದರೆ ಬಲಗಡೆಯೂ ಏಳನೆಯ ಸಾಲು. ಕಣ್ಣು ಮಗ್ಗದ ಲಾಳಿಯಂತೆ ಅತ್ತಿತ್ತ ಓಡುತ್ತದೆ. ಅಗಲ ಒಂದೆರಡು ಅಕ್ಷರದಷ್ಟು ಹೆಚ್ಚಾದರೂ ಮೂರನೆಯ ಸಾಲಿನಿಂದಲೇ ತಾಳ ತಪ್ಪುತ್ತದೆ, ಐದನೆಯ ಸಾಲಿನ ಮಾತು ನಾಲ್ಕರಲ್ಲಿ ಕೂತಿರುತ್ತದೆ.

ಇಂಥ ಅಗಲವನ್ನು ನನ್ನ ಪ್ರೋಗ್ರಾಮು ದಿನಾ ಮರೆಯುತ್ತಿತ್ತು. ಬೆಳಗ್ಗೆ ತೆರೆದಾಗ ಪರದೆಯ ನಟ್ಟನಡುವೆ 800ಕ್ಕೆ 600ರ ಒಂದು ಪೆಟ್ಟಿಗೆ.

ದಿನಚರಿಗಳ ರಾಶಿ

"ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆಯಲ್ಲ" ಎಂಬ ಮಾತು ನನ್ನ ಬಾಯಿಗೂ ಬಂದಿತ್ತು, ನುಂಗಿಕೊಂಡೆ. ಅಳತೆ ನೆನಪಿಡುವ ಸಾಲುಗಳನ್ನು ನಾನು ಬರೆದೇ ಇದ್ದೆ. ಮುಚ್ಚುವಾಗ ಸ್ಥಾನ ಮತ್ತು ಅಳತೆಯನ್ನು ಉಳಿಸು, ತೆರೆಯುವಾಗ ಓದು. ಇಷ್ಟೇ. ಹೊಸದಾಗಿ ಪ್ರೋಗ್ರಾಮು ಕಲಿಯುವವರು ಎರಡನೆಯ ವಾರದಲ್ಲಿ ಮಾಡುವ ಕೆಲಸ.

ಹಾಗಾದರೆ ಉಳಿಸಿದ್ದು ಎಲ್ಲಿಗೆ ಹೋಯಿತು? ಪ್ರೋಗ್ರಾಮು ಬರೆಯಲು ಮೈಕ್ರೋಸಾಫ್ಟಿನವರು ಕೊಡುವ ಚೌಕಟ್ಟಾದ ಡಾಟ್‌ನೆಟ್‌ನಲ್ಲಿ ಬರೆದ ಇಂಥ ಪ್ರೋಗ್ರಾಮುಗಳು ಬಳಕೆದಾರರ ಆಯ್ಕೆಗಳನ್ನು ಯೂಸರ್.ಕಾನ್ಫಿಗ್ ಎಂಬ ಪುಟ್ಟ ಫೈಲಿನಲ್ಲಿ ಇಡುತ್ತವೆ. ಆ ಫೈಲು ಇರುವುದು ಆಪ್‌ಡೇಟಾ ಫೋಲ್ಡರಿನ ಒಳಗಿನ ಲೋಕಲ್ ಫೋಲ್ಡರಿನಲ್ಲಿ, ಪ್ರೋಗ್ರಾಮಿನ ಹೆಸರಿನ ಕೆಳಗೆ. ಸಾಮಾನ್ಯ ಬಳಕೆದಾರನಿಗೆ ಈ ಜಾಗ ಕಾಣುವುದೂ ಇಲ್ಲ, ಮರೆಮಾಡಿರುತ್ತಾರೆ. ಅದನ್ನು ತೆರೆದು ನೋಡಿದರೆ ನನಗೆ ಕಂಡದ್ದು ಒಂದು ಫೈಲಲ್ಲ, 23 ಫೋಲ್ಡರುಗಳು. ಒಂದೊಂದರ ಹೆಸರೂ ಒಂದು ಸಂಖ್ಯೆ: 1.0.8415.20100, 1.0.8528.42000, ಹೀಗೆ. ಒಂದೊಂದರಲ್ಲೂ ಒಂದೊಂದು ಯೂಸರ್.ಕಾನ್ಫಿಗ್.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರೋಗ್ರಾಮಿನ ಆವೃತ್ತಿಯ ಸಂಖ್ಯೆಯನ್ನು ನಾನು '1.0.*' ಎಂದು ಬರೆದು ಕೈತೊಳೆದುಕೊಂಡಿದ್ದೆ. ಆ ನಕ್ಷತ್ರ ಇದ್ದರೆ ಪ್ರತಿ ಸಲ ಪ್ರೋಗ್ರಾಮನ್ನು ಕಟ್ಟುವಾಗಲೂ ಉಳಿದ ಎರಡು ಸಂಖ್ಯೆಗಳನ್ನು ಕಂಪೈಲರ್ ತಾನೇ ತುಂಬುತ್ತದೆ. ಮೊದಲನೆಯದು 2000ದ ಜನವರಿ 1ರಿಂದ ಆ ದಿನದವರೆಗೆ ಕಳೆದ ದಿನಗಳ ಲೆಕ್ಕ. ಎರಡನೆಯದು ಆ ದಿನದ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಅರ್ಧ. ಗಣಿತ ಮಾಡಿ ನೋಡಿದರೆ 8528 ಎಂದರೆ 2023ರ ಮೇ 8. 42000ದ ಎರಡರಷ್ಟು 84000 ಸೆಕೆಂಡು, ಅಂದರೆ ರಾತ್ರಿ 11 ಗಂಟೆ 20 ನಿಮಿಷ. 8415.20100 ಎಂದರೆ ಜನವರಿ 15, ಸಂಕ್ರಾಂತಿಯ ಭಾನುವಾರ, ಬೆಳಗ್ಗೆ 11 ಗಂಟೆ 10 ನಿಮಿಷ. ಮನೆಯಲ್ಲಿ ಎಳ್ಳು ಬೀರಲು ಹೊರಟಿದ್ದಾಗ ನಾನು ಕಂಪ್ಯೂಟರಿನ ಮುಂದೆ ಕೂತಿದ್ದಕ್ಕೆ ಮೇಷ್ಟರ ಮೇಜಿನ ಮೇಲೆ ಸಾಕ್ಷಿ ಇತ್ತು.

ಯೂಸರ್.ಕಾನ್ಫಿಗ್ ಕೂರುವುದು ಆವೃತ್ತಿಯ ಸಂಖ್ಯೆಯ ಹೆಸರಿನ ಫೋಲ್ಡರಿನಲ್ಲಿ. ಆವೃತ್ತಿ ಬದಲಾದರೆ ಫೋಲ್ಡರೂ ಬದಲು, ಹೊಸ ಫೋಲ್ಡರು ಖಾಲಿ. ನಾನು ಒಂದು ಅಲ್ಪವಿರಾಮ ಸರಿಪಡಿಸಿ ಕಳಿಸಿದರೂ ಮೇಷ್ಟರ ಪ್ರೋಗ್ರಾಮು ಹೊಸದಾಗಿ ಹುಟ್ಟಿದ ಕೂಸಾಗುತ್ತಿತ್ತು. ಹಳೆಯ ನೆನಪುಗಳೆಲ್ಲ ಪಕ್ಕದ ಮನೆಯಲ್ಲಿ ಭದ್ರವಾಗಿದ್ದವು. ಇದಕ್ಕೆ ಪರಿಹಾರವನ್ನು ಡಾಟ್‌ನೆಟ್‌ನವರೇ ಕೊಟ್ಟಿದ್ದಾರೆ: ಅಪ್‌ಗ್ರೇಡ್ ಎಂಬ ಒಂದು ಆಜ್ಞೆ. ಹೊಸ ಆವೃತ್ತಿ ಮೊದಲ ಬಾರಿ ಓಡುವಾಗ ಅದನ್ನು ಕರೆದರೆ ಹಿಂದಿನ ಆವೃತ್ತಿಯ ಆಯ್ಕೆಗಳನ್ನು ತಂದು ತುಂಬುತ್ತದೆ. ಕರೆಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅದರ ಮೇಲಿನ ಫೋಲ್ಡರಿನ ಹೆಸರಿನಲ್ಲಿ ಪ್ರೋಗ್ರಾಮು ಇರುವ ದಾರಿಯಿಂದ ಹೊಸೆದ ಒಂದು ಗುರುತೂ ಸೇರಿರುತ್ತದೆ. ಹಾಗಾಗಿ ಪ್ರೋಗ್ರಾಮನ್ನು ಡೆಸ್ಕ್‌ಟಾಪಿನಿಂದ ಡಿ ಡ್ರೈವಿಗೆ ಎತ್ತಿಟ್ಟರೂ ನೆನಪು ಹೋದೀತು.

ಕಳ್ಳ ಸಿಕ್ಕ ಎಂದು ಬೀಗುತ್ತಾ ಮೇಷ್ಟರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದು ಸರಿಯಪ್ಪಾ. ನೀನು ಹೊಸದು ಕಳಿಸುವುದು ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ. ಇದು ದಿನಾ ಹೀಗೆ ಮಾಡುತ್ತದಲ್ಲ?" ಎಂದು ಕೇಳಿ, ಸ್ವಲ್ಪ ತಡೆದು, "ಸೋಮವಾರ ಒಂದು ಬಿಟ್ಟು" ಎಂದರು.

ಸೋಮವಾರ

ತಪ್ಪು ಹುಡುಕುವವನಿಗೆ 'ದಿನಾ' ಎಂಬ ಮಾತಿಗಿಂತ 'ಒಂದು ಬಿಟ್ಟು' ಎಂಬ ಮಾತು ಹೆಚ್ಚು ಬೆಲೆಯದು. ಪ್ರೋಗ್ರಾಮಿಗೆ ವಾರದ ದಿನಗಳು ಗೊತ್ತಿಲ್ಲ. ಸೋಮವಾರ ಸರಿಯಿರುತ್ತದೆ ಎಂದರೆ ಶನಿವಾರ ಏನೋ ಬೇರೆ ನಡೆಯುತ್ತದೆ.

ಅವರ ದಿನಚರಿಯನ್ನು ಬಿಡಿಸಿ ಕೇಳಿದೆ. ಸಂಜೆ ಐದೂವರೆಗೆ ಮೇಷ್ಟರು ಬಸ್ಸಿಗೆ ಹೊರಡುತ್ತಾರೆ. ಏಳುವಾಗ ವಿಂಡೋಸ್ ಕೀ ಜೊತೆ ಎಂ ಒತ್ತುತ್ತಾರೆ. ತೆರೆದಿರುವ ವಿಂಡೋಗಳೆಲ್ಲ ಕೆಳಗಿಳಿದು ಪರದೆಯ ಮೇಲೆ ಚಾಮುಂಡಿ ಬೆಟ್ಟದ ಚಿತ್ರ ಉಳಿಯುತ್ತದೆ. ಏಕೆ ಹಾಗೆ ಎಂದರೆ, "ಅಚ್ಚಾಗದ ಬರಹವಲ್ಲವೇ, ಇನ್ನೊಬ್ಬರ ಹಸ್ತಪ್ರತಿ. ಬಾಯಿ ತೆರೆದುಕೊಂಡು ಹಾಗೆಯೇ ಬಿಟ್ಟುಹೋಗಬಾರದು" ಎಂದರು. ಏಳು ಗಂಟೆಗೆ ಮುದ್ರಣಾಲಯದ ಹುಡುಗ ಬಂದು ಎಲ್ಲ ಕಂಪ್ಯೂಟರುಗಳನ್ನೂ ಶಟ್‌ಡೌನ್ ಮಾಡುತ್ತಾನೆ. ಶನಿವಾರ ಅರ್ಧ ದಿನ, ಹುಡುಗ ಮೊದಲೇ ಹೋಗಿಬಿಟ್ಟಿರುತ್ತಾನೆ. ಅಂದು ಮೇಷ್ಟರೇ ಒಂದೊಂದಾಗಿ ಮೂಲೆಯ ಕತ್ತರಿ ಗುರುತು ಒತ್ತಿ ಮುಚ್ಚಿ, ಆಮೇಲೆ ಕಂಪ್ಯೂಟರ್ ಆರಿಸುತ್ತಾರೆ.

ಅಂದು ಬುಧವಾರ. ತೀರಾ ಈಚಿನ ಯೂಸರ್.ಕಾನ್ಫಿಗ್ ತೆರೆದು ನೋಡಿದೆ. ಮಂಗಳವಾರ ಸಂಜೆ ಏಳರ ಸುಮಾರಿಗೆ ಬರೆದದ್ದು. ಎರಡು ಸಾಲು ಮುಖ್ಯ. ಸ್ಥಾನ: -32000, -32000. ಅಳತೆ: 0, 0.

ಪರದೆಯ ಎಡಮೂಲೆಯಿಂದ ಎಡಕ್ಕೆ ಮೂವತ್ತೆರಡು ಸಾವಿರ, ಮೇಲಕ್ಕೆ ಮೂವತ್ತೆರಡು ಸಾವಿರ ಪಿಕ್ಸೆಲ್ ದೂರದಲ್ಲಿ, ಉದ್ದವೂ ಇಲ್ಲದ ಅಗಲವೂ ಇಲ್ಲದ ಒಂದು ವಿಂಡೋ. ಸಂಖ್ಯೆ ನೋಡಿದರೆ ಏನೋ ಕೆಟ್ಟುಹೋಗಿದೆ ಅನ್ನಿಸುತ್ತದೆ, ಆದರೆ ವಿಂಡೋಸ್ ಬಲ್ಲವರಿಗೆ ಇದು ಹಳೆಯ ಪರಿಚಯ. ಕೆಳಗಿಳಿಸಿದ ವಿಂಡೋವನ್ನು ಆ ವ್ಯವಸ್ಥೆ ನಿಜವಾಗಿ ಇಡುವುದೇ ಅಲ್ಲಿ. ಯಾರ ಪರದೆಯೂ ಅಷ್ಟು ದೂರ ಚಾಚುವುದಿಲ್ಲ, ಆದ್ದರಿಂದ ಕಾಣುವುದಿಲ್ಲ. ಆ ಸ್ಥಿತಿಯಲ್ಲಿ ಒಳಗಿನ ಬರೆಯುವ ಜಾಗದ ಅಳತೆ ಎಷ್ಟೆಂದು ಕೇಳಿದರೆ ಸೊನ್ನೆ ಎನ್ನುತ್ತದೆ. ಶಟ್‌ಡೌನ್ ಆಗುವಾಗ ವಿಂಡೋಸ್ ಪ್ರತಿ ಪ್ರೋಗ್ರಾಮಿಗೂ 'ಹೊರಡುತ್ತಿದ್ದೇವೆ' ಎಂದು ತಿಳಿಸುತ್ತದೆ. ನನ್ನ ಪ್ರೋಗ್ರಾಮು ವಿಧೇಯವಾಗಿ ಎದ್ದು, ಆ ಕ್ಷಣದ ಸ್ಥಾನ ಏನಿತ್ತೋ ಅದನ್ನೇ ಬರೆದಿಟ್ಟು ಸಾಯುತ್ತಿತ್ತು. ಅದು ಏನನ್ನೂ ಮರೆತಿರಲಿಲ್ಲ. ಮಲಗಿದ್ದಾಗಿನ ಭಂಗಿಯನ್ನು ನಿಂತದ್ದೆಂದು ನೆನಪಿಟ್ಟುಕೊಂಡಿತ್ತು.

ಹಾಗಾದರೆ ಬೆಳಗ್ಗೆ ವಿಂಡೋ ಕಾಣದೇ ಹೋಗಬೇಕಿತ್ತಲ್ಲ? ಇಲ್ಲಿದೆ ನನ್ನ ಜಾಣತನ. ಉಳಿಸಿದ ಸ್ಥಾನ ಪರದೆಯ ಹೊರಗಿದ್ದರೆ ಅದನ್ನು ಬಿಟ್ಟು, ನಡುವೆ 800ಕ್ಕೆ 600ರಲ್ಲಿ ತೆರೆ ಎಂದು ಎಂದೋ ಒಂದು ಕಾವಲು ಸಾಲು ಬರೆದಿದ್ದೆ. ಕಾವಲುಗಾರ ತನ್ನ ಕೆಲಸ ಮಾಡಿದ. ಅವನಿಲ್ಲದಿದ್ದರೆ ಮೊದಲ ಸಂಜೆಯ ಮರುದಿನವೇ ವಿಂಡೋ ಮಾಯವಾಗಿ, ಮೇಷ್ಟರು ಫೋನ್ ಮಾಡಿ, ನಾನು ಹತ್ತು ನಿಮಿಷದಲ್ಲಿ ತಪ್ಪು ಹಿಡಿಯುತ್ತಿದ್ದೆ. ಅವನಿದ್ದದ್ದರಿಂದ ದೊಡ್ಡ ತಪ್ಪು ಸಣ್ಣ ಕಿರಿಕಿರಿಯ ವೇಷ ಹಾಕಿಕೊಂಡು ಹತ್ತು ತಿಂಗಳು ಓಡಾಡಿಕೊಂಡಿತ್ತು. ಕಾವಲು ಬೇಕು, ಆದರೆ ಅವನು ತಡೆದದ್ದನ್ನು ಎಲ್ಲಿಯಾದರೂ ಬರೆದಿಡಬೇಕಿತ್ತು. ಈಗ ಬರೆದಿಡುತ್ತಾನೆ.

ದಿನಕ್ಕೆ 39 ಪಿಕ್ಸೆಲ್

ಪರಿಹಾರ ಪುಸ್ತಕದಲ್ಲಿರುವುದೇ. ವಿಂಡೋ ಸಹಜ ಸ್ಥಿತಿಯಲ್ಲಿದ್ದರೆ ಅದರ ಅಳತೆಯನ್ನು ನೇರವಾಗಿ ಉಳಿಸು. ಕೆಳಗಿಳಿದಿದ್ದರೆ ಅಥವಾ ಪರದೆ ತುಂಬಿದ್ದರೆ ರಿಸ್ಟೋರ್‌ಬೌಂಡ್ಸ್ ಎಂಬ ಗುಣದಿಂದ ಅದು ಮರಳಿ ಎದ್ದಾಗ ಬರುವ ಅಳತೆಯನ್ನು ತೆಗೆದುಕೋ. ವಿಂಡೋಸಿನ ಒಳಪದರದಲ್ಲಿಯೂ ಇದೇ ಕೆಲಸಕ್ಕೆ ಗೆಟ್‌ವಿಂಡೋಪ್ಲೇಸ್‌ಮೆಂಟ್ ಎಂಬ ಆಜ್ಞೆ ಬಹಳ ಹಿಂದಿನಿಂದ ಇದೆ. ಭಾನುವಾರ ರಾತ್ರಿ ಕುಳಿತು ಉಳಿಸುವ ಭಾಗವನ್ನು ಹೊಸದಾಗಿ ಬರೆದೆ, ಅಪ್‌ಗ್ರೇಡ್ ಆಜ್ಞೆ ಸೇರಿಸಿದೆ, ಸೋಮವಾರ ಬೆಳಗ್ಗೆ ಕಳಿಸಿದೆ. ಮೇಷ್ಟರು ಒಮ್ಮೆ ಹದಮಾಡಿ ಇಟ್ಟುಕೊಂಡರು.

ಗುರುವಾರ ಬೆಳಗ್ಗೆ ಫೋನು.

"ಈಗ ಮರೆಯುವುದಿಲ್ಲಪ್ಪಾ. ಬೆಳೆಯುತ್ತಿದೆ."

ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ಹೇಳಿದರು: ಮಂಗಳವಾರ ಸಾಲಿಗೆ ಒಂದು ಅಕ್ಷರ ಹೆಚ್ಚಿಗೆ ಹಿಡಿಸಿತು. ಬುಧವಾರ ಇನ್ನೊಂದು. ಇವತ್ತು 'ಮುಂದಿನ ಪುಟ' ಎಂಬ ಗುಂಡಿಯ ಅರ್ಧ ಕೆಳಗಿನ ಪಟ್ಟಿಯ ಹಿಂದೆ ಹೋಗಿದೆ.

ಆದದ್ದು ಇಷ್ಟು. ವಿಂಡೋಗೆ ಎರಡು ಅಳತೆಗಳಿವೆ. ಶೀರ್ಷಿಕೆಯ ಪಟ್ಟಿ ಮತ್ತು ಅಂಚುಗಳನ್ನೂ ಸೇರಿಸಿದ ಹೊರ ಅಳತೆ ಒಂದು. ಒಳಗೆ ನಾವು ಬಳಸುವ ಜಾಗದ ಅಳತೆ ಇನ್ನೊಂದು. ಮನೆಗೆ ಕಟ್ಟಡದ ಅಳತೆ ಬೇರೆ, ನಡುಮನೆಯ ಅಳತೆ ಬೇರೆ ಇದ್ದಂತೆ. ನನ್ನ ಹಳೆಯ ಸಾಲುಗಳು ಒಳ ಅಳತೆಯನ್ನು ಉಳಿಸಿ ಒಳ ಅಳತೆಯಾಗಿಯೇ ಹಾಕುತ್ತಿದ್ದವು, ಆ ಮಟ್ಟಿಗೆ ಸರಿ. ಹೊಸದಾಗಿ ಬರೆದ ಭಾಗ ಉಳಿಸುತ್ತಿದ್ದದ್ದು ಹೊರ ಅಳತೆಯನ್ನು. ಓದಿ ಹಾಕುವ ಸಾಲನ್ನು ಮಾತ್ರ ನಾನು ಮುಟ್ಟಿರಲಿಲ್ಲ. ಅದು ಬಂದ ಸಂಖ್ಯೆಯನ್ನು ಒಳ ಅಳತೆ ಎಂದೇ ತಿಳಿದು ಹಾಕುತ್ತಿತ್ತು. ಅದರ ಸುತ್ತ ವಿಂಡೋಸ್ ಮತ್ತೆ ಅಂಚು ಕಟ್ಟುತ್ತಿತ್ತು.

ವಿಂಡೋಸ್ 10ರಲ್ಲಿ ಪರದೆಯನ್ನು ಹಿಗ್ಗಿಸದ ಮಾಮೂಲು ಸ್ಥಿತಿಯಲ್ಲಿ ಈ ಎರಡು ಅಳತೆಗಳ ವ್ಯತ್ಯಾಸ ಅಗಲದಲ್ಲಿ 16 ಪಿಕ್ಸೆಲ್, ಎತ್ತರದಲ್ಲಿ 39. ಸೋಮವಾರ ಮೇಷ್ಟರು ಇಟ್ಟ ಎತ್ತರ 940. ಮಂಗಳವಾರ 979, ಬುಧವಾರ 1018, ಗುರುವಾರ 1057. ಅವರ ಪರದೆಯ ಎತ್ತರ 1080, ಅದರಲ್ಲಿ ಕೆಳಪಟ್ಟಿಗೆ 40 ಹೋದರೆ ಉಳಿಯುವುದು 1040. ಗುರುವಾರವೇ ಏಕೆ ಫೋನು ಬಂತು ಎಂಬುದು ಲೆಕ್ಕದಲ್ಲಿಯೇ ಇದೆ. ಅಗಲದ 16 ಪಿಕ್ಸೆಲ್ ಎಂದರೆ ಅವರು ಇಟ್ಟುಕೊಂಡಿದ್ದ ಅಕ್ಷರದ ಗಾತ್ರದಲ್ಲಿ ಸರಿಯಾಗಿ ಒಂದು ಅಕ್ಷರ. ಅದನ್ನು ಅವರು ಮಂಗಳವಾರವೇ ಗುರುತಿಸಿದ್ದರು, ಆದರೆ ನನ್ನ ಮೇಲಿನ ಕನಿಕರಕ್ಕೆ ಎರಡು ದಿನ ಸುಮ್ಮನಿದ್ದರು.

ಓದುವ ಸಾಲನ್ನು ಸರಿಪಡಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಈ ಜಾತಿಯ ತಪ್ಪು ತುಂಬಾ ಸಾಮಾನ್ಯ. ತೆರೆದು ಮುಚ್ಚಿದಾಗಲೆಲ್ಲ ವಿಂಡೋ ಸ್ವಲ್ಪ ಬೆಳೆಯುತ್ತಿದ್ದರೆ ಅಥವಾ ಸರಿಯುತ್ತಿದ್ದರೆ, ಉಳಿಸುವಾಗ ಒಂದು ಕೋಲಿನಿಂದಲೂ ಹಾಕುವಾಗ ಇನ್ನೊಂದು ಕೋಲಿನಿಂದಲೂ ಅಳೆದಿದ್ದಾರೆ ಎಂದು ಕಣ್ಣುಮುಚ್ಚಿ ಹೇಳಬಹುದು. ಗೆಟ್‌ವಿಂಡೋಪ್ಲೇಸ್‌ಮೆಂಟ್ ಕೊಡುವ ಸ್ಥಾನದಲ್ಲಿ ವಿಂಡೋಸಿನ ಕೆಳಪಟ್ಟಿ ಆಕ್ರಮಿಸಿದ ಜಾಗ ಲೆಕ್ಕಕ್ಕಿಲ್ಲ. ಪಟ್ಟಿಯನ್ನು ಪರದೆಯ ತಲೆಯ ಮೇಲಿಟ್ಟುಕೊಂಡವರ ಕಂಪ್ಯೂಟರಿನಲ್ಲಿ ಆ ಸಂಖ್ಯೆಯನ್ನು ಬೇರೆ ಆಜ್ಞೆಗೆ ಕೊಟ್ಟರೆ ವಿಂಡೋ ಪ್ರತಿ ಸಲವೂ ಅಷ್ಟಷ್ಟೇ ಮೇಲಕ್ಕೆ ತೆವಳುತ್ತದೆ. ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಪರದೆಯನ್ನು 125 ಶೇಕಡಾಕ್ಕೆ ಹಿಗ್ಗಿಸಿಕೊಂಡವರಲ್ಲಿ ಹಿಗ್ಗಿದ ಪಿಕ್ಸೆಲ್ಲನ್ನು ಉಳಿಸಿ ಹಿಗ್ಗದ ಪಿಕ್ಸೆಲ್ ಎಂದು ಓದಿದರೆ ಬೆಳವಣಿಗೆ ಕೂಡಿಕೆಯಲ್ಲ, ಗುಣಾಕಾರ. ಮೂರು ದಿನಕ್ಕೆ ಅಳತೆ ಹತ್ತಿರ ಹತ್ತಿರ ಎರಡರಷ್ಟು.

ಬೇರೆಯವರ ಮನೆಯಲ್ಲಿ

ಇಷ್ಟಾದ ಮೇಲೆ ಉಳಿದವರು ಹೇಗೆ ನೆನಪಿಡುತ್ತಾರೆ ಎಂದು ಕುತೂಹಲ ಹುಟ್ಟಿತು. ಫೈರ್‌ಫಾಕ್ಸ್ ತನ್ನ ಪ್ರೊಫೈಲ್ ಫೋಲ್ಡರಿನಲ್ಲಿ ಕ್ಸುಲ್‌ಸ್ಟೋರ್ ಎಂಬ ಜೇಸನ್ ಫೈಲಿನಲ್ಲಿ ಬರೆದಿಡುತ್ತದೆ: ಪರದೆಯಲ್ಲಿನ ಅಡ್ಡ ಸ್ಥಾನ, ಉದ್ದ ಸ್ಥಾನ, ಅಗಲ, ಎತ್ತರ, ಮತ್ತು ಸಹಜವೋ ಪರದೆ ತುಂಬಿದ್ದೋ ಎಂಬ ಸ್ಥಿತಿ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದಷ್ಟು ಸರಳ. ಸ್ಥಿತಿಯನ್ನು ಅಳತೆಯಿಂದ ಬೇರೆಯಾಗಿ ಬರೆದಿದ್ದಾರೆ ಎಂಬುದನ್ನು ಗಮನಿಸಿ. ಆ ಬುದ್ಧಿ ನನಗೆ ಮೊದಲೇ ಇದ್ದಿದ್ದರೆ ಮಲಗಿದ್ದನ್ನು ನಿಂತದ್ದೆಂದು ಬರೆಯುತ್ತಿರಲಿಲ್ಲ. ಕ್ಯೂಟಿ ಎಂಬ ಪ್ರೋಗ್ರಾಮು ಕಟ್ಟುವ ಸಲಕರಣೆ ಬಳಸುವವರಿಗೆ 2006ರ 4.2ನೆಯ ಆವೃತ್ತಿಯಿಂದಲೇ ಸೇವ್‌ಜಿಯಾಮೆಟ್ರಿ, ರಿಸ್ಟೋರ್‌ಜಿಯಾಮೆಟ್ರಿ ಎಂಬ ಜೋಡಿ ಇದೆ. ಹೊರ ಅಳತೆ, ಸಹಜ ಅಳತೆ, ಯಾವ ಪರದೆ, ಎಲ್ಲವನ್ನೂ ಗಂಟು ಕಟ್ಟಿ ಕೊಡುತ್ತದೆ. ಗಂಟನ್ನು ಬಿಚ್ಚದೆ ಇಟ್ಟುಕೊಂಡು ಬಿಚ್ಚದೆ ಹಿಂತಿರುಗಿಸಿದರೆ ಸಾಕು. ಮ್ಯಾಕ್‌ನಲ್ಲಿ ಇನ್ನೂ ಸುಲಭ: ವಿಂಡೋಗೆ ಒಂದು ಹೆಸರು ಕೊಟ್ಟು 'ಇದನ್ನು ನೀನೇ ನೆನಪಿಡು' ಎಂದರೆ ಉಳಿದದ್ದನ್ನು ವ್ಯವಸ್ಥೆ ನೋಡಿಕೊಳ್ಳುತ್ತದೆ. ನನಗೆ ಅಸೂಯೆಯಾದದ್ದು ಇಲ್ಲಿಯೇ.

ಲಿನಕ್ಸಿನ ಕಡೆ ಕಥೆ ಬೇರೆ ದಾರಿ ಹಿಡಿದಿದೆ. ಅಲ್ಲಿ ವಿಂಡೋಗಳನ್ನು ತೋರಿಸುವ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಮು ತಾನೆಲ್ಲಿದ್ದೇನೆ ಎಂದು ಕೇಳಬಹುದಿತ್ತು, ಇಲ್ಲಿಗೆ ಸರಿಸು ಎಂದು ಕೋರಬಹುದಿತ್ತು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಕ್ರಮದಲ್ಲಿ ಮಾಮೂಲು ಪ್ರೋಗ್ರಾಮಿಗೆ ಪರದೆಯ ಮೇಲೆ ತಾನೆಲ್ಲಿದ್ದೇನೆ ಎಂಬುದೇ ತಿಳಿಯದು. ತಿಳಿಯಬಾರದು ಎಂಬುದೇ ಅದರ ನಿಲುವು. ಎಲ್ಲಿ ಕೂರಿಸಬೇಕೆಂಬುದು ಪರದೆಯನ್ನು ಜೋಡಿಸುವ ತಂತ್ರಾಂಶದ ಕೆಲಸ. ಅಳತೆಯನ್ನು ಪ್ರೋಗ್ರಾಮು ನೆನಪಿಡಬಹುದು, ಸ್ಥಾನವನ್ನು ಆಗದು. 2020ರ ಕೊನೆಗೆ ಬಂದ ಜಿಟಿಕೆ 4 ಎಂಬ, ಕ್ಯೂಟಿಯಂಥದೇ ಸಲಕರಣೆಯಲ್ಲಿ ವಿಂಡೋವನ್ನು ಸರಿಸುವ ಆಜ್ಞೆಯನ್ನೇ ತೆಗೆದುಹಾಕಿದರು. 'ಲಿನಕ್ಸಿಗೆ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ನನ್ನ ವಿಂಡೋಗಳು ಜಾಗ ಮರೆಯುತ್ತವೆ' ಎಂದು ಯಾರಾದರೂ ಹೇಳಿದರೆ ಪ್ರೋಗ್ರಾಮು ಬರೆದವರನ್ನು ಬೈಯುವ ಮೊದಲು ಇದನ್ನು ನೋಡಬೇಕು.

ಬೇಕೆಂದೇ ಮರೆಯುವವರೂ ಇದ್ದಾರೆ. ಬಳಸುವವರ ಗುರುತು ಬಚ್ಚಿಡುವ ಟಾರ್ ಬ್ರೌಸರ್ ಅಳತೆಯನ್ನು ನೆನಪಿಡುವುದಿಲ್ಲ. ಹೊಸ ವಿಂಡೋದ ಒಳ ಅಳತೆಯನ್ನು ಅಗಲದಲ್ಲಿ 200ರ, ಎತ್ತರದಲ್ಲಿ 100ರ ಮಡಿಗೆ ಇಳಿಸಿ ತೆರೆಯುತ್ತದೆ. ವಿಂಡೋದ ವಿಚಿತ್ರ ಅಳತೆಯೊಂದೇ ಸಾಕು, ಒಬ್ಬನನ್ನು ಸಾವಿರ ಜನರ ನಡುವೆ ಗುರುತಿಸಲು. ಎಲ್ಲರೂ ಒಂದೇ ಅಳತೆಯಲ್ಲಿದ್ದರೆ ಯಾರು ಯಾರೋ. ಮೇಷ್ಟರ ವಿಷಯದಲ್ಲಿ ಈ ಭಯವಿಲ್ಲ.

ಎಡಗಡೆಯ ಮಾನಿಟರು

2024ರಲ್ಲಿ ಮುದ್ರಣಾಲಯದವರು ಮೇಷ್ಟರಿಗೆ ಎರಡನೆಯ ಮಾನಿಟರು ಕೊಡಿಸಿ ಹಳೆಯದರ ಎಡಕ್ಕೆ ಇಟ್ಟರು. ಮೇಷ್ಟರು ಪುಟದ ಚಿತ್ರವನ್ನೂ ನನ್ನ ವಿಂಡೋವನ್ನೂ ಅದಕ್ಕೆ ಎಳೆದುಕೊಂಡರು. ಮರುದಿನದಿಂದ ಮರೆವು ಮತ್ತೆ ಶುರು, ಈ ಸಲ ಸೋಮವಾರಕ್ಕೂ ರಿಯಾಯಿತಿ ಇಲ್ಲ. ಮುಖ್ಯ ಪರದೆಯ ಎಡಮೂಲೆ ಸೊನ್ನೆ. ಅದರ ಎಡಕ್ಕಿರುವ ಪರದೆಯ ಸಂಖ್ಯೆಗಳೆಲ್ಲ ಋಣ. ನನ್ನ ಕಾವಲುಗಾರ ಸ್ಥಾನ ಸೊನ್ನೆಗಿಂತ ಕಡಿಮೆ ಎಂದೊಡನೆ ಪರದೆಯ ಹೊರಗೆ ಎಂದು ತೀರ್ಮಾನಿಸುವವನು. ಈಗ ಅವನಿಗೆ ಬೇರೆ ಪಾಠ ಹೇಳಿಕೊಟ್ಟಿದ್ದೇನೆ: ಜೋಡಿಸಿರುವ ಪರದೆಗಳಲ್ಲಿ ಯಾವುದಾದರೂ ಒಂದರ ಬಳಸಬಹುದಾದ ಜಾಗದಲ್ಲಿ ಶೀರ್ಷಿಕೆಯ ಪಟ್ಟಿ ಕೈಗೆ ಸಿಗುವಷ್ಟು ಕಾಣುತ್ತದೆಯೇ ನೋಡು, ಕಂಡರೆ ಬಿಡು. ಎರಡು ತಿಂಗಳ ಮೇಲೆ ಆ ಮಾನಿಟರನ್ನು ಡಿಟಿಪಿ ವಿಭಾಗದವರು ಎತ್ತಿಕೊಂಡು ಹೋದರು. ಅಂದು ಈ ಪಾಠ ನಿಜವಾಗಿ ಪರೀಕ್ಷೆಗೆ ಬಂತು, ಪಾಸಾಯಿತು.

ಕರೆಂಟು ಹೋಗುವುದು ಇನ್ನೊಂದು. ಯುಪಿಎಸ್ ಕೈಕೊಟ್ಟು ಕಂಪ್ಯೂಟರ್ ಧಡಕ್ಕನೆ ಆರಿದರೆ ಮುಚ್ಚುವಾಗ ಉಳಿಸುವ ಸಾಲುಗಳು ಓಡುವುದೇ ಇಲ್ಲ. ಅದಕ್ಕೆ ಅಂಚು ಎಳೆದು ಕೈಬಿಟ್ಟೊಡನೆ ಉಳಿಸುವಂತೆ ಮಾಡಿದೆ. ಆದರೆ ಉಳಿಸುತ್ತಿರುವಾಗಲೇ ಕರೆಂಟು ಹೋದರೆ ಅರ್ಧ ಬರೆದ ಯೂಸರ್.ಕಾನ್ಫಿಗ್ ಉಳಿದು, ಮರುದಿನ ಪ್ರೋಗ್ರಾಮು ತೆರೆಯುವುದೇ ಇಲ್ಲ. ಅಳತೆಯೊಂದನ್ನು ನೆನಪಿಡಲು ಹೋಗಿ ಪ್ರೋಗ್ರಾಮನ್ನೇ ಕಳೆದುಕೊಳ್ಳುವ ವ್ಯಾಪಾರ. ಈಗ ಅಳತೆಗೆ ಬೇರೆಯೇ ಒಂದು ಫೈಲು. ಮೊದಲು ಪಕ್ಕದಲ್ಲಿ ತಾತ್ಕಾಲಿಕವಾಗಿ ಬರೆದು, ಪೂರ್ತಿಯಾದ ಮೇಲೆ ಹಳೆಯದರ ಜಾಗಕ್ಕೆ ಸರಿಸುತ್ತದೆ. ಓದಲು ಆಗದಿದ್ದರೆ ಗೊಣಗದೆ ಮುಂದೆ ಹೋಗುತ್ತದೆ.

ಎರಡು ಗೀಟು

ಈ ಬದಲಾವಣೆ ಹಾಕಲು ಹೋದ ದಿನ ಹಳೆಯ ಮಾನಿಟರಿನ ಗೀಟುಗಳು ಇನ್ನೂ ಇದ್ದವು. ವಿಂಡೋ ತೆರೆದೆ. ಬಲ ಅಂಚು ಎಡಗಡೆಯ ಗೀಟಿನ ನೆತ್ತಿಯ ಮೇಲೆ ಬಂದು ನಿಂತಿತು. ನನಗೆ ಪರಮಾನಂದ. ಮೇಷ್ಟರು ಒಂದು ಫೈಲು ತೆರೆದು, ನಿರಾಳವಾಗಿ, ಅಂಚನ್ನು ಹಿಡಿದು ಬಲಗಡೆಯ ಗೀಟಿಗೆ ಎಳೆದರು.

"ಯಾಕೆ ಸರ್?"

"ಇದು ಕ್ರೌನ್ ಪುಸ್ತಕ."

ಅವರ ಕೈಯಲ್ಲಿ ಯಾವಾಗಲೂ ಎರಡು ಪುಸ್ತಕಗಳ ಕರಡು ಇರುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಡೆಮಿ, ಕ್ರೌನ್ ಎಂಬವು ಪುಸ್ತಕದ ಗಾತ್ರದ ಹೆಸರುಗಳು. ಡೆಮಿ 1/8ರ ಪುಟದಲ್ಲಿ ಸಾಲು ಕಿರಿದು. ಕ್ರೌನ್ 1/4ರಲ್ಲಿ ಅಗಲ. ಒಂದಕ್ಕೆ ಒಂದು ಗೀಟು, ಇನ್ನೊಂದಕ್ಕೆ ಇನ್ನೊಂದು. ಯಾವುದೂ ತಪ್ಪಿ ಹಾಕಿದ್ದಲ್ಲ. ನಾನು ಆರೇಳು ತಿಂಗಳು ಗುದ್ದಾಡಿ ಪ್ರೋಗ್ರಾಮಿಗೆ ಒಂದು ಅಳತೆಯನ್ನು ನೆನಪಿಡಲು ಕಲಿಸಿದ್ದೆ. ಅವರಿಗೆ ಬೇಕಿದ್ದದ್ದು ಪುಸ್ತಕಕ್ಕೊಂದು ಅಳತೆ. ದಿನಕ್ಕೆ ಎರಡು ಬಾರಿ ಎಳೆಯುತ್ತಿದ್ದವರು ಈಗ ಒಂದು ಬಾರಿ ಎಳೆಯುತ್ತಿದ್ದರು, ಅಷ್ಟೇ ನನ್ನ ಸಾಧನೆ.

ಮೊದಲೇ ಹೇಳಬಾರದಿತ್ತೇ ಎಂದರೆ, "ಪುಸ್ತಕ ಬದಲಾದರೆ ಅಗಲ ಬದಲಾಯಿಸಬೇಕಾದದ್ದೇ ಅಲ್ಲವೇನಪ್ಪಾ, ಅದನ್ನೂ ಯಂತ್ರ ಮಾಡುತ್ತದೆಯೇ?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದರು.

ಮಾಡುತ್ತದೆ. ಸ್ಥಾನ ಮತ್ತು ಎತ್ತರವನ್ನು ಪ್ರೋಗ್ರಾಮು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಅಗಲವನ್ನು ಮಾತ್ರ ಆಯಾ ಪುಸ್ತಕದ ಫೋಲ್ಡರಿನಲ್ಲಿ ಒಂದೇ ಸಾಲಿನ ಫೈಲಿನಲ್ಲಿ ಬರೆಯುತ್ತದೆ. ಫೈಲಿಗೆ 'ಅಳತೆ' ಎಂದು ಹೆಸರಿಡಲು ಹೇಳಿದ್ದು ಮೇಷ್ಟರೇ. ಡೆಮಿ ಪುಸ್ತಕದ್ದನ್ನು ತೆರೆದರೆ ಒಳಗೆ 640 ಎಂದಿರುತ್ತದೆ, ಕ್ರೌನಿನದರಲ್ಲಿ 836.